ಎರಡು ಎಕರೆ ಕಾಡಿನಲ್ಲಿ ಒಳಗೆಷ್ಟು, ಅಂಚೆಷ್ಟು?

ಮರಗಳಿರುವ ಜಾಗ ಮಾರಾಟಕ್ಕಿದೆ ಅಂದ ತಕ್ಷಣ ಎಲ್ಲರೂ ಕೇಳುವುದು ಎಷ್ಟು ಎಕರೆ ಅಂತ. ನಾನು ಮೊದಲು ನಕ್ಷೆ ಕೇಳುತ್ತಿದ್ದೆ. ದಲ್ಲಾಳಿಗಳಿಗೆ ಇದು ಸ್ವಲ್ಪ ವಿಚಿತ್ರ ಅನ್ನಿಸುತ್ತಿತ್ತು. ಆದರೆ ಸಣ್ಣ ಕಾಡಿನ ವಿಷಯದಲ್ಲಿ ವಿಸ್ತೀರ್ಣಕ್ಕಿಂತ ಆಕಾರವೇ ಮುಖ್ಯ.

ಲೆಕ್ಕ ಸುಲಭ. 2 ಎಕರೆ ಅಂದರೆ ಸುಮಾರು 8,100 ಚದರ ಮೀಟರ್. ಚೌಕವಾಗಿದ್ದರೆ ಒಂದೊಂದು ಬದಿ 90 ಮೀಟರ್. ಹೊರಗಿನ ಬಿಸಿಲು, ಗಾಳಿ, ಧೂಳು ಅಂಚಿನಿಂದ 20 ಮೀಟರ್ ಒಳಗೆ ಬರುತ್ತದೆ ಅಂತ ಇಟ್ಟುಕೊಳ್ಳಿ. ಸುತ್ತಲೂ ಅಷ್ಟು ಕಳೆದರೆ ನಡುವೆ ಉಳಿಯುವುದು 50ಕ್ಕೆ 50 ಮೀಟರಿನ ತುಂಡು. ಒಟ್ಟು ಜಾಗದ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಅದೇ 2 ಎಕರೆ 45 ಮೀಟರ್ ಅಗಲ, 180 ಮೀಟರ್ ಉದ್ದದ ಪಟ್ಟಿಯಾಗಿದ್ದರೆ? ನಡುವೆ 5 ಮೀಟರ್ ಅಗಲದ ಓಣಿಯಷ್ಟೇ ಸಿಗುತ್ತದೆ. ಹತ್ತನೇ ಒಂದು ಪಾಲೂ ಇಲ್ಲ. ಮಾರುವವರು ಮಾತ್ರ ಎರಡಕ್ಕೂ ಎಕರೆ ಲೆಕ್ಕದಲ್ಲೇ ದುಡ್ಡು ಕೇಳುತ್ತಾರೆ.

20 ಮೀಟರ್ ಅನ್ನುವುದೂ ನಾನು ಕಡಿಮೆಯೇ ಹಿಡಿದ ಲೆಕ್ಕ. ಬ್ರೆಜಿಲ್‌ನ ಮನಾಸ್ ನಗರದ ಹತ್ತಿರ, ಅಮೆಜಾನ್ ಕಾಡಿನಲ್ಲಿ, ಜೀವವಿಜ್ಞಾನಿ ಥಾಮಸ್ ಲವ್‌ಜಾಯ್ 1979ರಲ್ಲಿ ಒಂದು ಅಧ್ಯಯನ ಶುರು ಮಾಡಿದರು. ಅಲ್ಲಿ 1, 10, 100 ಹೆಕ್ಟೇರಿನ ಕಾಡಿನ ತುಂಡುಗಳನ್ನು ದಶಕಗಟ್ಟಲೆ ಗಮನಿಸಿದ್ದಾರೆ. ಅಂಚಿನ ಹತ್ತಿರ ದೊಡ್ಡ ಮರಗಳು ಜಾಸ್ತಿ ಸತ್ತವು, ಬಳ್ಳಿಗಳು ಹೆಚ್ಚಿದವು. ಕೆಲವು ಪರಿಣಾಮಗಳು 100 ಮೀಟರಿಗಿಂತಲೂ ಒಳಗೆ ಮುಟ್ಟಿದ್ದವು. ಆ ಲೆಕ್ಕ ಹಿಡಿದರೆ ನಾನು ಕೊನೆಗೆ ಕೊಂಡ ಎರಡು ಎಕರೆಯಲ್ಲಿ ಒಳಗಾಡು, ಅಂದರೆ ಅಂಚಿನ ಪರಿಣಾಮ ಮುಟ್ಟದ ನಡುಭಾಗ, ಅನ್ನುವುದೇ ಇಲ್ಲ! ಇರಲಿ. ನನಗೆ ಇದರಿಂದ ಬೇಸರವೇನೂ ಆಗಲಿಲ್ಲ. ಕೊಳ್ಳುತ್ತಿರುವುದು ಬಹುಪಾಲು ಅಂಚನ್ನೇ ಅಂತ ಗೊತ್ತಿದ್ದರೆ ಆಮೇಲೆ ಏನು ಮಾಡಬೇಕು, ಏನು ಮಾಡಬಾರದು ಅನ್ನುವುದು ತಾನಾಗಿ ತಿಳಿಯುತ್ತಾ ಹೋಗುತ್ತದೆ.

ಇನ್ನೊಂದು ವಿಷಯ. ಬೇಲಿ ಇರುವ ಕಡೆಯೆಲ್ಲ ಅಂಚು ಅಲ್ಲ. ಬೇಲಿಯ ಆಚೆಗೂ ಮರಗಳೇ ಇದ್ದರೆ ಬಿಸಿಲು ಗಾಳಿಗೆ ಬೇಲಿ ಕಾಣುವುದೇ ಇಲ್ಲ. ನಾನು ಕೊಂಡ ಜಾಗಕ್ಕೆ ಒಂದು ಬದಿ ಪಕ್ಕದವರ ಮರಗಾಡು, ಇನ್ನೊಂದು ಬದಿ ಹಳ್ಳ, ಮತ್ತೊಂದು ಬದಿ ಹೊಲ, ಮುಂದೆ ಮಣ್ಣಿನ ದಾರಿ. ಹಾಗಾಗಿ ಮರಗಾಡಿನ ಬದಿ ಸದ್ಯಕ್ಕೆ ಲೆಕ್ಕಕ್ಕೆ ಲಾಭ. ಸದ್ಯಕ್ಕೆ ಅಷ್ಟೇ, ಯಾಕೆಂದರೆ ಅವರು ನಾಳೆ ಕಡಿಸಿದರೆ ಕೇಳೋಕೆ ನಾನು ಯಾರು? ಜಾಗ ನೋಡಲು ಹೋದಾಗ ಜಾಗದ ಒಳಗೆ ನಡೆದಷ್ಟೇ ಹೊತ್ತು ಅದರ ಸುತ್ತ ಹೊರಗಿನಿಂದಲೂ ನಡೆಯಿರಿ ಅಂತ ಹೇಳುವುದು ಇದಕ್ಕೇ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ, ವಕೀಲರಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಸಿಗದೆ ಮುಂಗಡ ಕೊಡಬೇಡಿ. ಹೋಗಿಬರಲು ದಾರಿಯ ಹಕ್ಕು ಇದೆಯಾ? ದಾರಿ ಕಾಣಿಸುತ್ತದೆ ಅಂದ ಮಾತ್ರಕ್ಕೆ ಹಕ್ಕು ಇದೆ ಅಂತಲ್ಲ. ಅಲ್ಲಿರುವ ಮರ ಕಡಿಯಲು, ಒಂದು ಸಣ್ಣ ಶೆಡ್ ಹಾಕಲು ಯಾರ ಅನುಮತಿ ಬೇಕು? ಎಷ್ಟೋ ಕಡೆ ನಮ್ಮದೇ ಮರ ಕಡಿಯಲೂ ಸರ್ಕಾರದ ಒಪ್ಪಿಗೆ ಬೇಕು. ಗಡಿ ಎಲ್ಲಿ? ಇದಕ್ಕೆ ಮೊಬೈಲ್ ಹಿಡಿದು ನಡೆದರೆ ಸಾಲದು. ಮರಗಳ ಕೆಳಗೆ ಅದರ ಗುರುತು ಹತ್ತು ಮೀಟರ್ ಅತ್ತಿತ್ತ ಆಗುವುದು ಮಾಮೂಲು. 90 ಮೀಟರಿನ ಜಾಗದಲ್ಲಿ ಹತ್ತು ಮೀಟರ್ ಸಣ್ಣ ಮಾತಲ್ಲ. ಅಳತೆ ಮಾಡಿಸಿ, ಪಕ್ಕದವರನ್ನೂ ನಿಲ್ಲಿಸಿಕೊಂಡು ಕಲ್ಲು ನೆಡಿಸಿ. ಆ ಒಂದು ದಿನ ಪಕ್ಕದವರ ಪರಿಚಯವೂ ಆಗುತ್ತದೆ.

ಇನ್ನು ಕೆಲಸ. ಹೊಲದ ಕಡೆಯ ಅಂಚಿನಲ್ಲಿ ಲಂಟಾನ ಆಳೆತ್ತರ ಬೆಳೆದಿತ್ತು. ದಕ್ಷಿಣ ಅಮೆರಿಕದ ಕಡೆಯ ಈ ಗಿಡವನ್ನು ಹೂವಿನ ಚೆಂದಕ್ಕೆ ಲೋಕವೆಲ್ಲ ಹಂಚಿದರು, ಈಗ ಲೋಕವೆಲ್ಲ ಕೀಳುತ್ತಿದೆ. ಅದಕ್ಕೆ ಬೆಳಕು ಬೇಕು, ಆದ್ದರಿಂದ ಅಂಚೇ ಅದರ ಮನೆ. ಎಲ್ಲರೂ ಹೇಳಿದ್ದು ಮಚ್ಚು ತೆಗೆದುಕೊಂಡು ಸವರಿಬಿಡಿ ಅಂತ. ಸವರಿದರೆ ಬುಡದಿಂದ ಮತ್ತೆ ಹತ್ತು ಕೊಂಬೆ ಚಿಗುರುತ್ತದೆ. ಚಿಗುರುವ ಶಕ್ತಿ ಇರುವುದು ಕಾಂಡ ಮತ್ತು ಬೇರು ಸೇರುವ ಗಂಟಿನ ಹತ್ತಿರ. ನಾವು ಗುದ್ದಲಿಯಲ್ಲಿ ಬುಡದ ಮಣ್ಣು ಸ್ವಲ್ಪ ಸರಿಸಿ, ಗಂಟಿನ ಕೆಳಗೆ, ನೆಲಮಟ್ಟದಿಂದ ನಾಲ್ಕು ಬೆರಳು ಆಳದಲ್ಲಿ ತಾಯಿಬೇರನ್ನು ಕಡಿದೆವು. ಆಮೇಲೆ ಇಡೀ ಪೊದೆಯನ್ನು ಎತ್ತಿ ತಲೆಕೆಳಗೆ ಮಾಡಿ ಅಲ್ಲೇ ಬಿಟ್ಟೆವು. ಬೇರು ಆಕಾಶಕ್ಕೆ ಮುಖ ಮಾಡಿ ಬಿಸಿಲಿಗೆ ಒಣಗುತ್ತದೆ, ಮತ್ತೆ ನೆಲ ಹಿಡಿಯುವುದಿಲ್ಲ. ಮಳೆ ಬಿದ್ದು ಮಣ್ಣು ಮೆತ್ತಗಾದಾಗ, ಕಾಯಿ ಹಣ್ಣಾಗುವ ಮುಂಚೆ ಮಾಡಿದರೆ ಅರ್ಧ ಕಷ್ಟ ಕಡಿಮೆ.

ಅಷ್ಟಕ್ಕೇ ಮುಗಿಯಲಿಲ್ಲ. ಹಣ್ಣು ತಿಂದ ಹಕ್ಕಿಗಳು ಬೀಜ ಹಾಕುವುದು ಅವು ಕೂರುವ ಮರದ ಕೆಳಗೆ. ಹಾಗಾಗಿ ಮುಂದಿನ ಮಳೆಗಾಲಗಳಲ್ಲಿ ಇಡೀ ಜಾಗ ಹುಡುಕುವ ಬದಲು ಹಕ್ಕಿ ಜಾಸ್ತಿ ಕೂರುವ ಕೆಲವೇ ಮರಗಳ ಬುಡ ನೋಡಿದರೆ ಸಾಕಾಯಿತು. ಎರಡೆಲೆ ಸಸಿ ಬೆರಳಲ್ಲೇ ಕಿತ್ತು ಬರುತ್ತದೆ.

ಆದರೆ ಅಂಚಿನ ಪೊದೆಯನ್ನೆಲ್ಲ ಒಂದೇ ಸಲ ತೆಗೆಯಲಿಲ್ಲ. ಅದು ಕಳೆಯೇ ಇರಬಹುದು, ಗಾಳಿಗೆ ಗೋಡೆಯೂ ಅದೇ ಆಗಿತ್ತು. ಒಂದಿಷ್ಟು ತೆಗೆದು, ಆ ಜಾಗದಲ್ಲಿ ಊರಿನ ಪೊದೆಗಿಡಗಳು ಎದ್ದ ಮೇಲೆ ಪಕ್ಕದ ತುಂಡಿಗೆ ಕೈ ಹಾಕಿದೆವು. ನೋಡಲು ಬಂದವರು "ಅಂಚು ಕ್ಲೀನ್ ಮಾಡಿಸಿ, ಒಳಗಿನ ಮರಗಳು ಚೆನ್ನಾಗಿ ಕಾಣುತ್ತವೆ" ಅನ್ನುತ್ತಾರೆ. ಒಳಗಿನ ಮರಗಳು ಹೊರಗಿನಿಂದ ಕಾಣುತ್ತಿವೆ ಅಂದರೆ ಬಿಸಿಗಾಳಿಯೂ ಅಷ್ಟೇ ಸಲೀಸಾಗಿ ಒಳಗೆ ಹೋಗುತ್ತಿದೆ ಅಂತ ಅರ್ಥ, ಅಲ್ವಾ?

ದಾರಿಯೂ ಅಷ್ಟೇ. ಕಾಡಿನೊಳಗೆ ಒಂದು ನೇರ ದಾರಿ ಕಡಿದರೆ ಎರಡು ಹೊಸ ಅಂಚು ಮಾಡಿದ ಹಾಗೆ. ನಾನು ಮಾಡಿದ್ದು ಒಂದೇ ಕಾಲುದಾರಿ, ಒಬ್ಬರು ನಡೆಯುವಷ್ಟು ಅಗಲ. ದೊಡ್ಡ ಮರ ಬಂದ ಕಡೆಯೆಲ್ಲ ಬಳಸಿ ಹೋಗುತ್ತದೆ. ತಿರುವು ಇದ್ದರೆ ಗಾಳಿ ನುಗ್ಗುವುದಿಲ್ಲ. ಜೊತೆಗೆ ಎರಡೇ ಎಕರೆ ಅನ್ನುವುದು ನಡೆಯುವವರಿಗೆ ಗೊತ್ತಾಗುವುದಿಲ್ಲ. ಶೆಡ್ಡು, ನೀರಿನ ಡ್ರಮ್ಮು, ಸಾಮಾನಿನ ಪೆಟ್ಟಿಗೆ ಎಲ್ಲ ಮಣ್ಣಿನ ದಾರಿ ಪಕ್ಕದಲ್ಲೇ ಇವೆ. ಹೇಗೂ ಹಾಳಾಗಿರುವ ಅಂಚು ಅದು. ನಡುಕಾಡಿನಲ್ಲಿ ಒಂದು ಕುಟೀರ ಕಟ್ಟುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಇರುವ ಅಷ್ಟಗಲದ ನಡುಕಾಡನ್ನು ಕುಟೀರವೇ ತಿಂದುಬಿಡುತ್ತದೆ.

ಹೊಲದವರ ತಕರಾರು ಮೊದಲ ವರ್ಷವೇ ಬಂತು. "ನಿಮ್ಮ ನೇರಳೆ ಮರದ ನೆರಳಿಗೆ ನನ್ನ ಎರಡು ಸಾಲು ಬೆಳೆ ಏಳೋದೇ ಇಲ್ಲ, ಸ್ವಾಮಿ." ಮಾತು ನಿಜವೇ. ಮರ ಕಡಿಯಬೇಕಾಗಿರಲಿಲ್ಲ, ಆ ಕಡೆ ಚಾಚಿದ ಕೊಂಬೆಗಳನ್ನು ತೆಗೆದರೆ ಸಾಕಿತ್ತು. ಕೊಂಬೆ ಕಡಿಯುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೊಂಬೆ ಕಾಂಡಕ್ಕೆ ಸೇರುವ ಕಡೆ ಸುತ್ತಲೂ ಉಬ್ಬಿದ ಒಂದು ಬಳೆ ಇರುತ್ತದೆ, ಸುಕ್ಕು ಬಿದ್ದ ತೊಗಟೆ. ಅದನ್ನು ಮುಟ್ಟಬಾರದು. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೀಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ತೋರಿಸಿದ್ದು ಇದನ್ನೇ. ಮರದ ಗಾಯ ನಮ್ಮ ಚರ್ಮದ ಹಾಗೆ ಮಾಯುವುದಿಲ್ಲ. ಕೆಟ್ಟ ಭಾಗದ ಸುತ್ತ ಮರ ತಡೆಗೋಡೆ ಕಟ್ಟಿ, ಅದನ್ನು ಒಳಗೇ ಮುಚ್ಚಿಕೊಂಡು ಬೆಳೆಯುತ್ತದೆ. ಆ ಕೆಲಸ ನಡೆಯುವುದು ಈ ಬಳೆಯಲ್ಲಿ. ಕಾಂಡಕ್ಕೆ ಸಮನಾಗಿ ನುಣ್ಣಗೆ ಕೊಯ್ದರೆ ಬಳೆಯೂ ಹೋಗುತ್ತದೆ, ಕೊಳೆ ಕಾಂಡಕ್ಕೆ ಇಳಿಯುತ್ತದೆ. ಗಾಯಕ್ಕೆ ಬಣ್ಣ, ಟಾರು ಬಳಿಯುವುದರಿಂದ ಕೊಳೆ ನಿಲ್ಲುವುದಿಲ್ಲ.

ಭಾರದ ಕೊಂಬೆಗೆ ಮೂರು ಕೊಯ್ತ. ಮೊದಲನೆಯದು ಬಳೆಯಿಂದ ಒಂದು ಅಡಿ ಆಚೆ, ಕೆಳಗಿನಿಂದ, ಅರ್ಧಕ್ಕಿಂತ ಕಡಿಮೆ. ಎರಡನೆಯದು ಅದಕ್ಕಿಂತ ಸ್ವಲ್ಪ ಆಚೆ, ಮೇಲಿನಿಂದ. ಕೊಂಬೆ ಮುರಿದು ಬೀಳುತ್ತದೆ, ಕೆಳಗಿನ ಕೊಯ್ತ ಇರುವುದರಿಂದ ತೊಗಟೆ ಕಾಂಡದವರೆಗೆ ಸುಲಿದುಕೊಂಡು ಹೋಗುವುದಿಲ್ಲ. ಆಮೇಲೆ ಉಳಿದ ಮೋಟನ್ನು ಬಳೆಯ ಹೊರಗೆ ಸರಿಯಾಗಿ ತೆಗೆಯುವುದು. ಎತ್ತರದ ಕೊಂಬೆಗಳಿಗೆ ಹಗ್ಗ ಕಟ್ಟಿ ಕೆಲಸ ಮಾಡುವವರನ್ನೇ ಕರೆಸಿದೆ. ಏಣಿ ಮೇಲೆ ನಿಂತು ಗರಗಸ ಆಡಿಸುವ ಧೈರ್ಯ ನನಗಿಲ್ಲ, ಬೇಕಾಗಿಯೂ ಇಲ್ಲ. ಕಡಿದ ಸೌದೆಯೆಲ್ಲ ಹೊಲದವರಿಗೇ. ಈಗ ಅವರೇ ಒಂದು ಮಾತು ಎತ್ತಿದ್ದಾರೆ: ಹೇಗೂ ಏನೂ ಬೆಳೆಯದ ಆ ನೆರಳಿನ ಪಟ್ಟಿಯನ್ನು ನೀವೇ ತೆಗೆದುಕೊಳ್ಳಿ ಅಂತ. ದರ ಇನ್ನೂ ಕುದುರಿಲ್ಲ.

ಒಣಮರದ ವಿಷಯದಲ್ಲಿ ನನ್ನದು ಸ್ವಲ್ಪ ಹಟ. ದಾರಿ ಕಡೆ ಒಂದು ಸತ್ತ ಮರ ನಿಂತಿತ್ತು. ಬಿದ್ದರೆ ದಾರಿ ಮುಟ್ಟುತ್ತದಾ? ಇದಕ್ಕೆ ಒಂದು ಕೋಲು ಸಾಕು. ತೋಳು ಚಾಚಿ ಕೋಲನ್ನು ನೆಟ್ಟಗೆ ಹಿಡಿಯಿರಿ. ಮುಷ್ಟಿಯ ಮೇಲಿರುವ ಕೋಲಿನ ಉದ್ದ, ಕಣ್ಣಿನಿಂದ ಮುಷ್ಟಿಗಿರುವ ದೂರದಷ್ಟೇ ಇರಬೇಕು. ಮರದ ಬುಡ ಮುಷ್ಟಿಗೂ ತುದಿ ಕೋಲಿನ ತುದಿಗೂ ಸರಿಹೊಂದುವವರೆಗೆ ಹಿಂದೆ ಹೋಗಿ. ನೆಲ ಸಮತಟ್ಟಾಗಿದ್ದರೆ, ನೀವು ನಿಂತ ಜಾಗದಿಂದ ಮರಕ್ಕೆ ಎಷ್ಟು ದೂರವೋ ಮರ ಸುಮಾರು ಅಷ್ಟೇ ಎತ್ತರ. ನಮ್ಮದು ದಾರಿ ದಾಟಿಯೂ ಬೀಳುವಷ್ಟಿತ್ತು. ಹಾಗಂತ ಬುಡಕ್ಕೆ ಕಡಿಸಲಿಲ್ಲ. ಎರಡಾಳೆತ್ತರಕ್ಕಿಂತ ಸ್ವಲ್ಪ ಮೇಲೆ ತುಂಡರಿಸಿ ಕಾಂಡ ಬಿಟ್ಟೆವು. ಮರಕುಟಿಗ, ಕುಟ್ರುಹಕ್ಕಿ ಪೊಟರೆ ಕೊರೆಯಲು ಆರಿಸುವುದು ಇಂಥ ಮೆತ್ತಗಾದ ಮರವನ್ನೇ. ಅವು ಬಿಟ್ಟುಹೋದ ಪೊಟರೆಗೆ ಗಿಳಿ, ಮೈನಾ ಬರುತ್ತವೆ. ತುಂಡಾಗಿ ಬಿದ್ದ ಭಾಗ ನೆರಳಿಗೆ ಉರುಳಿಸಿದ್ದೇವೆ. ಮಳೆ ಶುರುವಾದರೆ ಅದರ ಮೈತುಂಬ ಅಣಬೆ.

ತರಗೆಲೆ ಗುಡಿಸುವುದು ಒಂದೇ ಕಡೆ, ಒಂದೇ ಕಾರಣಕ್ಕೆ. ಒಣಹುಲ್ಲು ಇರುವ ಹೊಲದ ಅಂಚಿನಲ್ಲಿ, ಬೇಸಿಗೆ ಬರುವ ಮುಂಚೆ, ಮೂರು ಮೀಟರ್ ಅಗಲ ಮಣ್ಣು ಕಾಣುವ ಹಾಗೆ ಬೆಂಕಿ ರೇಖೆ, ಹೊರಗಿನ ಬೆಂಕಿ ಒಳಗೆ ದಾಟದಿರಲಿ ಅಂತ. ಗುಡಿಸಿದ್ದನ್ನು ಸುಡುವುದಿಲ್ಲ, ಒಳಗೆ ಹರಡುತ್ತೇವೆ.

ಸಸಿ ಎಷ್ಟು ನೆಟ್ಟೆ ಅಂತ ಕೇಳುತ್ತಾರೆ. ಬಹಳ ಕಡಿಮೆ. ಕಳೆ ತೆಗೆದ ಜಾಗದಲ್ಲಿ ಹಕ್ಕಿಗಳು ನೆಟ್ಟದ್ದೇ ಬೇಕಾದಷ್ಟಿದೆ. ಹಸು ಮೇಕೆ ತಿನ್ನದ ಹಾಗೆ ಮುಳ್ಳಿನ ಕೊಂಬೆ ಸುತ್ತಿದರೆ ಸಾಕು.

ಮತ್ತೆ ಅನುಭವಿಸುವುದು ಯಾವಾಗ? ಕೆಲಸ ಇಲ್ಲದ ದಿನ ಹೋಗುವುದೇ ಅದಕ್ಕೆ. ಗುದ್ದಲಿ ಕಣ್ಣಿಗೆ ಬಿದ್ದರೆ ಕೈ ಸುಮ್ನಿರಲ್ಲ, ಹಾಗಾಗಿ ಆ ದಿನ ಪೆಟ್ಟಿಗೆ ತೆಗೆಯುವುದೇ ಇಲ್ಲ. ಹಳ್ಳದ ಬದಿಯ ಒಂದು ಬಂಡೆ ನನ್ನ ಜಾಗ. ಹೋಗಿ ಕೂತ ತಕ್ಷಣ ಹಕ್ಕಿಗಳೆಲ್ಲ ಕೂಗಿ ದೂರ ಹೋಗುತ್ತವೆ. ಕಾಲು ಗಂಟೆ ಅಲ್ಲಾಡದೆ ಕೂತರೆ ಒಂದೊಂದಾಗಿ ವಾಪಸ್ ಬರುತ್ತವೆ, ಮೊದಲು ನೆಲದ ಮೇಲೆ ಕೆದಕುವವು, ಆಮೇಲೆ ಮೇಲಿನವು. ಎರಡು ಮರಗಳ ನಡುವೆ ಹ್ಯಾಮಕ್ (ಮಲಗುವ ಜೋಲಿ) ಕಟ್ಟುವುದಾದರೆ ತೆಳು ಹಗ್ಗ ಬೇಡ, ತೊಗಟೆ ಕೊರೆಯುತ್ತದೆ, ಅಗಲದ ಪಟ್ಟಿ ತನ್ನಿ.

ಮಕ್ಕಳು ಬಂದರೆ ರಾತ್ರಿ ಒಂದು ಬಿಳಿ ಬಟ್ಟೆ ಕಟ್ಟಿ ಹಿಂದೆ ದೀಪ ಇಡುತ್ತೇವೆ. ಚಂದ್ರ ಇಲ್ಲದ, ಗಾಳಿ ಇಲ್ಲದ ಬೆಚ್ಚಗಿನ ರಾತ್ರಿ ಆಗಬೇಕು. ಪತಂಗಗಳು, ಜೀರುಂಡೆಗಳು ಬಂದು ಕೂರುತ್ತವೆ, ಅಂಗೈಯಷ್ಟು ದೊಡ್ಡವೂ ಇರುತ್ತವೆ. ಮಲಗುವ ಮುಂಚೆ ಮರೆಯದೆ ದೀಪ ಆರಿಸಿ ಬಟ್ಟೆಯನ್ನು ಪೊದೆ ಮೇಲೆ ಮೆಲ್ಲಗೆ ಕೊಡವಿ. ಹಾಗೇ ಬಿಟ್ಟರೆ ಬೆಳಕು ಹರಿಯುವಾಗ ಕಾಜಾಣ ಬಂದು ಒಂದನ್ನೂ ಬಿಡದೆ ತಿಂದು ಹೋಗುತ್ತದೆ.