ಮೆರಿದಾದಲ್ಲಿ ಆನೆ ಮೂಲೆ ಹುಡುಕುತ್ತಾ

ಮೆಕ್ಸಿಕೋದ ಯುಕತಾನ್ ಸೀಮೆಯ ಮೆರಿದಾಕ್ಕೆ ಬಂದವರು ಸಾಮಾನ್ಯವಾಗಿ ಒಂದು ರಾತ್ರಿ ಮಲಗಿ, ಬೆಳಿಗ್ಗೆ ಎದ್ದು ಚಿಚೆನ್ ಇತ್ಸಾ ಪಿರಮಿಡ್ಡಿನ ಬಸ್ಸು ಹಿಡಿಯುತ್ತಾರೆ. ನಮ್ಮ ಲೆಕ್ಕವೂ ಅದೇ. ಕೆಡಿಸಿದ್ದು ಜೋಲಿ.

ಈ ಸೀಮೆಯಲ್ಲಿ ಹಳೆ ಮನೆಯ ಕೋಣೆಗಳಲ್ಲೆಲ್ಲ ಗೋಡೆಗೆ ಕೊಕ್ಕೆ ಇರುತ್ತದೆ, ಜೋಲಿ ಕಟ್ಟಲು. ನಾವಿಳಿದ ಮನೆಯಲ್ಲಿ ಮಂಚವೂ ಇತ್ತು. ಆದರೂ ಆಸೆಗೆ ಜೋಲಿಗೆ ಹತ್ತಿ ಉದ್ದಕ್ಕೆ ಮಲಗಿದೆ, ಬೆನ್ನು ಬಾಗಿ ಬಾಳೆಹಣ್ಣಿನ ಹಾಗಾಯಿತು. ಮನೆಯೊಡತಿ ಬಂದು ನಕ್ಕು, ಓರೆಯಾಗಿ, ಮೂಲೆಯಿಂದ ಮೂಲೆಗೆ ಮಲಗಬೇಕು ಅಂತ ಕೈಯಲ್ಲೇ ತೋರಿಸಿದಳು. ಹಾಗೆ ಮಲಗಿದ್ದೇ, ಬೆನ್ನು ಹಲಗೆಯ ಮೇಲಿಟ್ಟಷ್ಟು ನೆಟ್ಟಗಾಯಿತು. ಕಣ್ಣು ಬಿಟ್ಟಾಗ ಎಂಟೂವರೆ. ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು.

ಹೆಂಡತಿ ಹೇಳಿದಳು, "ಪಿರಮಿಡ್ಡು ಎಲ್ಲೂ ಓಡಿಹೋಗಲ್ಲ, ಮೂರು ದಿನ ಇಲ್ಲೇ ಸುತ್ತೋಣ." ಏಪ್ರಿಲ್ ತಿಂಗಳು, ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿಲ್ಲ. ಮರುದಿನದಿಂದ ಬೆಳಿಗ್ಗೆ ಆರೂವರೆಗೆ ಹೊರಟು ಹನ್ನೊಂದಕ್ಕೆ ವಾಪಸ್ಸು, ಸಂಜೆ ಐದರ ಮೇಲೆ ಮತ್ತೆ ಹೊರಗೆ.

ಮೊದಲು ಕಲಿಯಬೇಕಾದದ್ದು ವಿಳಾಸ ಓದುವುದು. ಬಹುತೇಕ ಬೀದಿಗಳಿಗೆ ಹೆಸರಿಲ್ಲ, ನಂಬರು. ಉತ್ತರ-ದಕ್ಷಿಣದವು ಸಮಸಂಖ್ಯೆ, ಪೂರ್ವ-ಪಶ್ಚಿಮದವು ಬೆಸಸಂಖ್ಯೆ. '60 × 61 ಮತ್ತು 63' ಅಂತ ಬರೆದಿದ್ದರೆ 60ನೇ ಬೀದಿಯಲ್ಲಿ, 61 ಮತ್ತು 63ರ ನಡುವೆ ಎಂದರ್ಥ. ನಾನು ಮೊದಲ ದಿನ ಆ ಗುರುತನ್ನು ಗುಣಾಕಾರದ ಚಿಹ್ನೆಯಂತೆ ನೋಡಿ ತಲೆ ಕೆಡಿಸಿಕೊಂಡೆ. ಎಂಜಿನಿಯರ್ ಬುದ್ಧಿ.

ಆದರೆ ನಂಬರಿಗಿಂತ ಹಳೆಯದು ಮೂಲೆಗಳ ಹೆಸರು. ಓದಲು ಬಾರದವರಿಗೂ ತಿಳಿಯಲೆಂದು ಬೀದಿ ಕೂಡುವ ಕಡೆ ಒಂದೊಂದು ಗುರುತು ಇಟ್ಟು, ಅದರಿಂದಲೇ ಮೂಲೆಯನ್ನು ಕರೆಯುತ್ತಿದ್ದರು. ಆನೆ ಮೂಲೆ, ಕೋತಿ ಮೂಲೆ, ಎರಡು ಮುಖದ ಮೂಲೆ. ನಾವು 'ಅಶ್ವತ್ಥಕಟ್ಟೆ ಹತ್ತಿರ ಇಳಿಸಿ' ಅನ್ನುವುದಿಲ್ಲವೇ, ಹಾಗೇ. 'ಅಸಾಧ್ಯ' ಅಂತ ಒಂದು ಮೂಲೆ, 'ಗೆದ್ದಾಯಿತು' ಅಂತ ಇನ್ನೊಂದು. ಈ ಜೋಡಿಗೆ ಒಬ್ಬೊಬ್ಬರು ಒಂದೊಂದು ಕತೆ ಹೇಳುತ್ತಾರೆ. ಗೋಡೆಯ ಮೇಲ್ಭಾಗದಲ್ಲಿ ಫಲಕ ಇರುವುದರಿಂದ ತಲೆಯೆತ್ತಿಕೊಂಡೇ ನಡೆಯಬೇಕು. ಕಾಲುದಾರಿ ಕಿರಿದು, ಪಕ್ಕದಲ್ಲೇ ಸಿಟಿ ಬಸ್ಸು. ಆನೆ ಸಿಗುವ ಹೊತ್ತಿಗೆ ನನ್ನ ಮೊಣಕಾಲು ಒಂದು ಕಂಬಕ್ಕೆ ತಾಗಿ ತರಚಿತ್ತು.

ತಲೆಯೆತ್ತಿ ನಡೆದದ್ದರಿಂದಲೇ ಗೋಡೆಗಳು ಕಾಣತೊಡಗಿದವು. ಇಲ್ಲಿ ಮೊದಲು ತ್ಹೋ ಎಂಬ ಊರಿತ್ತು, ಈ ನೆಲದ ಮೂಲನಿವಾಸಿಗಳಾದ ಮಾಯಾ ಜನರದ್ದು. ಅದರ ದೊಡ್ಡ ಕಲ್ಲುಕಟ್ಟಡ ನೋಡಿದ ಸ್ಪೇನಿನವರಿಗೆ ತಮ್ಮೂರಿನ ಮೆರಿದಾದ ರೋಮನ್ ಅವಶೇಷ ನೆನಪಾಗಿ ಇದಕ್ಕೂ ಅದೇ ಹೆಸರಿಟ್ಟರು. ಅದು 1542ರ ಜನವರಿ 6. ಆಮೇಲೆ ಆ ಕಟ್ಟಡಗಳನ್ನೇ ಬಿಚ್ಚಿ ಊರು ಕಟ್ಟಿದರು. 1561ರಿಂದ 1598ರವರೆಗೆ ಎದ್ದ ಕಥೀಡ್ರಲ್ಲಿನ ಕಲ್ಲುಗಳೂ ಅಲ್ಲಿಯವೇ. ಅವಶೇಷ ನೋಡಲು ಬಸ್ಸು ಹತ್ತಬೇಕೆಂದುಕೊಂಡಿದ್ದೆವು, ಅದಕ್ಕೆ ಬೆನ್ನು ಕೊಟ್ಟುಕೊಂಡೇ ಎಳನೀರು ಕುಡಿದಿದ್ದೆವು.

ಕಥೀಡ್ರಲ್ ಪಕ್ಕದ ಚೌಕದ ದಕ್ಷಿಣಕ್ಕೆ, 63ನೇ ಬೀದಿಯಲ್ಲಿ, ಊರು ಸ್ಥಾಪಿಸಿದ ಮೊಂತೆಖೋ ಮನೆತನದ ಮನೆ. ಈಗ ಬ್ಯಾಂಕಿನ ಮ್ಯೂಸಿಯಂ. ಒಳಗಿನ ಪೀಠೋಪಕರಣ ಐದು ನಿಮಿಷಕ್ಕೆ ಸಾಕು, ಮುಂಭಾಗಕ್ಕೆ ಒಂದು ಗಂಟೆ ಕೊಡಿ. ಭರ್ಜಿ ಹಿಡಿದ ಇಬ್ಬರು ಕವಚಧಾರಿಗಳು ನಿಂತಿದ್ದಾರೆ, ಕಾಲ ಕೆಳಗೆ ಬಾಯ್ದೆರೆದು ಕಿರುಚುವ ತಲೆಗಳು. ಪಕ್ಕದಲ್ಲಿ ಮೈತುಂಬ ಕೂದಲಿನ, ದೊಣ್ಣೆ ಹಿಡಿದ ಕಾಡುಮನುಷ್ಯರು. ಸೋತ ಮಾಯಾ ಜನರ ತಲೆಗಳೇ ಅವು ಎನ್ನುವವರುಂಟು, ಅಲ್ಲ, ಯುರೋಪಿನ ದೆವ್ವಗಳು ಎನ್ನುವವರೂ ಉಂಟು. ಎರಡನೆಯದೇ ನಿಜವಿರಬಹುದು, ಆದರೆ ಕಲ್ಲು ಹೊತ್ತ ಮಾಯಾ ಕೆಲಸಗಾರ ಅದನ್ನು ನೋಡಿದಾಗ ಏನೆಂದುಕೊಂಡಿರಬೇಕು?

ಚೌಕದ ಆಚೆ ಬದಿಯ ಸರ್ಕಾರಿ ಅರಮನೆಗೆ ಪ್ರವೇಶ ಉಚಿತ. ಫೆರ್ನಾಂದೊ ಕಾಸ್ತ್ರೋ ಪಚೇಕೊ ಬಿಡಿಸಿದ ಭಾರಿ ಚಿತ್ರಗಳಿವೆ ಅಲ್ಲಿ. ಒಂದರ ಮುಂದೆ ನಾನು ನಿಂತೇ ಬಿಟ್ಟೆ: ಎನೆಕೆನ್ ಎಂಬ ಕತ್ತಾಳೆ ಮತ್ತು ಅದನ್ನು ಕೊಯ್ಯುವ ಕೈಗಳು. ನಮ್ಮೂರಲ್ಲಿ ಹೊಲದ ಬೇಲಿಗೆ ಹಾಕುವ ಕತ್ತಾಳೆಯ ಬಳಗದ್ದೇ ಇದು, ನಮ್ಮದರ ತವರೂ ಈ ಕಡೆಯದೇ. ಅಮೆರಿಕದ ಗೋಧಿ ಹೊಲಗಳಿಗೆ ಕೊಯ್ದ ಪೈರನ್ನು ಕಂತೆ ಕಟ್ಟುವ ಯಂತ್ರಗಳು ಬಂದಾಗ ಅವಕ್ಕೆ ಹುರಿ ಬೇಕಾಯಿತು. ಆ ಹುರಿಯ ನಾರು ಇಲ್ಲಿಂದ ಹೋಯಿತು, ಮೆರಿದಾದ ಜಮೀನ್ದಾರರು ಕೋಟ್ಯಧೀಶರಾದರು, ಸಾಲದಲ್ಲಿ ಸಿಕ್ಕ ಮಾಯಾ ಆಳುಗಳು ಜೀತಕ್ಕೆ ಬಿದ್ದರು. ಪಾಸೆಯೊ ದೆ ಮೊಂತೆಖೋ ರಸ್ತೆಯ ಫ್ರೆಂಚ್ ಠೀವಿಯ ಬಂಗಲೆಗಳೆಲ್ಲ ಈ ನಾರಿನವು. ಬೇಲಿಯ ಕತ್ತಾಳೆ ಚುಚ್ಚಿಸಿಕೊಂಡು ಬೆಳೆದ ನನಗೆ ಆ ಬಂಗಲೆಗಳ ಮುಂದೆ ಫೋಟೋ ತೆಗೆಯಲು ಮನಸ್ಸು ಬರಲಿಲ್ಲ. ಹೆಂಡತಿ ತೆಗೆದಳು.

ಊರ ದಕ್ಷಿಣದ ಸ್ಮಶಾನಕ್ಕೆ ಹೋದದ್ದು ನನ್ನ ಹಟ. 1922ರಲ್ಲಿ ಯುಕತಾನಿನ ಗವರ್ನರ್ ಆಗಿ ಮಾಯಾ ಭಾಷೆಯಲ್ಲೇ ಭಾಷಣ ಮಾಡಿದ ಫೆಲಿಪೆ ಕರಿಯೊ ಪುವೆರ್ತೊ ಅಲ್ಲಿದ್ದಾನೆ. 1924ರ ಜನವರಿ 3ರಂದು ಅವನನ್ನೂ ಮೂವರು ತಮ್ಮಂದಿರನ್ನೂ ಅದೇ ಸ್ಮಶಾನದಲ್ಲಿ ಗುಂಡಿಕ್ಕಿ ಕೊಂದರು. ಅವನನ್ನು ಮದುವೆಯಾಗಬೇಕಿದ್ದ ಅಮೆರಿಕದ ಪತ್ರಕರ್ತೆ ಆಲ್ಮಾ ರೀಡ್ ಸತ್ತದ್ದು 1966ರಲ್ಲಿ. ಆಕೆಯ ಸಮಾಧಿಯೂ ಅವನ ಸಮಾಧಿಯ ಸಮೀಪವೇ ಇದೆ. ನಾವು ಹೋದಾಗ ಅಲ್ಲಿ ಕಸ ಗುಡಿಸುವವನೊಬ್ಬ ಬಿಟ್ಟರೆ ಯಾರೂ ಇರಲಿಲ್ಲ.

ಕೊನೆಯ ಬೆಳಿಗ್ಗೆ ಲೂಕಾಸ್ ದೆ ಗಾಲ್ವೆಸ್ ಮಾರುಕಟ್ಟೆ. ಸಸ್ಯಾಹಾರಿಗಳು ಬೀನ್ಸ್ ಕಾಳನ್ನೂ ಕೇಳಿಯೇ ತಿನ್ನಿ, ಅದರಲ್ಲಿ ಹಂದಿ ಕೊಬ್ಬು ಇರಬಹುದು. ನಮ್ಮನ್ನು ಕಾಪಾಡಿದ್ದು ಸಿಕಿಲ್ ಪಾಕ್: ಹುರಿದ ಕುಂಬಳಬೀಜ ಅರೆದು ಟೊಮ್ಯಾಟೊ ಕಲಸಿದ್ದು, ಒಗ್ಗರಣೆ ಒಂದಿಲ್ಲ, ಅಷ್ಟೇ. ಕರಕುಶಲ ವಸ್ತುಗಳ ಸಾಲಿನಲ್ಲಿ ಒಬ್ಬ ಡಬ್ಬಿ ತೆರೆದ. ಸೌದೆಯ ತುಂಡಿನ ಮೇಲೆ ಬೂದುಬಣ್ಣದ ಜೀರುಂಡೆ, ಬೆನ್ನಿಗೆ ಕೆಂಪು-ಹಸಿರು ಹರಳು ಅಂಟಿಸಿದೆ, ಸಣ್ಣ ಸರಪಳಿ. ಜೀವಂತ! ಮಕೆಚ್ ಅನ್ನುತ್ತಾರೆ, ಸರಪಳಿಯನ್ನು ರವಿಕೆಗೆ ಚುಚ್ಚಿಕೊಂಡು ಮೈಮೇಲೆ ಓಡಾಡಲು ಬಿಡುತ್ತಾರಂತೆ. ಅವನು ಅಂಗೈಗೆ ಬಿಟ್ಟ, ಭಾರಕ್ಕೋ ಭಯಕ್ಕೋ ಅದು ಅಲುಗಲಿಲ್ಲ. ವಾಪಸ್ಸು ಕೊಟ್ಟೆವು.

ಹೊರಗೆ ಹೂಕಸೂತಿಯ ಬಿಳಿ ಉಡುಪಿನ ಅಜ್ಜಿ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಹೆಂಡತಿ ನೋಡಿದವಳೇ "ಅಯ್ಯೋ, ಸಪೋಟ!" ಅಂದಳು ಕನ್ನಡದಲ್ಲಿ. ಅಜ್ಜಿ ತಲೆಯೆತ್ತಿ, "ಸಪೋತೆ, ಸಪೋತೆ" ಅಂದು, ನಾವು ಯಾವ ದೇಶದವರೆಂದು ಕೇಳಿದಳು. ನಮ್ಮಲ್ಲೂ ಇದಕ್ಕೆ ಇದೇ ಹೆಸರು ಅಂದೆ. ಅವಳಿಗೆ ಅದು ಒಪ್ಪಿಗೆಯಾಗಲಿಲ್ಲ. ಅದು ಸ್ಪೇನಿನವರು ಕರೆಯುವುದು, ಇದರ ಹೆಸರು 'ಯಾ' ಎಂದು ಹಣ್ಣು ಮುರಿದು ಕೈಗಿಟ್ಟು, ನಾವಿಬ್ಬರೂ ಸರಿಯಾಗಿ ಹೇಳುವವರೆಗೂ ಚಿಲ್ಲರೆ ಕೊಡಲಿಲ್ಲ.