ಹಳೆ ಕಾರಿನ ಬ್ರೇಕ್ ಕಿರುಚುತ್ತಿದೆಯೇ? ಹೊಸ ಪ್ಯಾಡ್ ತರುವ ಮುಂಚೆ ಪಿನ್ ನೋಡಿ

ನಮ್ಮ ಮನೆಯ ಮಾರುತಿ 800ಕ್ಕೆ ಇಪ್ಪತ್ತು ವರ್ಷ ದಾಟಿದೆ. ಎರಡು ಮಳೆಗಾಲದ ಹಿಂದೆ ಅದರ ಮುಂದಿನ ಎಡಗಡೆ ಚಕ್ರ ಕೀಂ ಅನ್ನಲು ಶುರು ಮಾಡಿತು. ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿದರೆ ಪಕ್ಕದ ಸ್ಕೂಟರಿನವರು ತಿರುಗಿ ನೋಡುತ್ತಿದ್ದರು. ಗ್ಯಾರೇಜಿಗೆ ಒಯ್ದೆ. ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆಯೇ ಡಿಸ್ಕ್, ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಬಿಲ್ಲೆಗಳೇ ಪ್ಯಾಡ್. ಹುಡುಗ ರಿಮ್ಮಿನ ತೂತಿನಿಂದ ಟಾರ್ಚ್ ಬಿಟ್ಟು ನೋಡಿ, "ಪ್ಯಾಡ್ ಇನ್ನೂ ಬೇಕಾದಷ್ಟಿದೆ ಸಾರ್, ಧೂಳು ಕೂತಿರಬೇಕು" ಅಂದ. ಗಾಳಿ ಹೊಡೆದು ಕಳಿಸಿದ. ಎರಡು ದಿನ ಸದ್ದಿಲ್ಲ.

ಮೂರನೇ ದಿನ ಆಗುಂಬೆ ಘಾಟಿ ಇಳಿಯುತ್ತಿದ್ದೆವು. 14 ಹೇರ್‌ಪಿನ್ ತಿರುವುಗಳಲ್ಲಿ ಅರ್ಧ ಬಾಕಿ ಇರುವಾಗಲೇ ಕೀಂ ಹೋಗಿ ಗರ್ರ್ ಬಂತು. ಸೋಮೇಶ್ವರದಲ್ಲಿ ನಿಲ್ಲಿಸಿ ಇಳಿದರೆ ಆ ಒಂದು ಚಕ್ರದಿಂದ ಮಾತ್ರ ಸುಟ್ಟ ವಾಸನೆ. ಗಾಡಿಯನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಹೋದೆವು.

ಮಾರನೇ ದಿನ ಚಕ್ರ ಬಿಚ್ಚಿದಾಗ ಗುಟ್ಟು ಬಯಲಾಯಿತು. ಹೊರಗಡೆಯ ಪ್ಯಾಡ್ ನಿಜವಾಗಿಯೂ ಚೆನ್ನಾಗಿತ್ತು, ಹುಡುಗ ಸುಳ್ಳು ಹೇಳಿರಲಿಲ್ಲ. ಒಳಗಡೆಯ ಪ್ಯಾಡ್ ಮಾತ್ರ ಪೂರ್ತಿ ಸವೆದು ಬರೀ ತಗಡಾಗಿತ್ತು. ತಗಡು ಡಿಸ್ಕನ್ನು ಉಜ್ಜಿ ಗ್ರಾಮಫೋನ್ ಪ್ಲೇಟಿನ ಹಾಗೆ ಗೆರೆ ಎಳೆದಿತ್ತು.

ಹೀಗೇಕೆ ಆಗುತ್ತದೆ ಅಂದರೆ, 800ರಂಥ ಕಾರುಗಳಲ್ಲಿ ಮುಂದಿನ ಡಿಸ್ಕ್ ಬ್ರೇಕಿಗೆ ಪಿಸ್ಟನ್ ಇರುವುದು ಒಳಗಡೆ ಮಾತ್ರ. ಪೆಡಲ್ ಒತ್ತಿದಾಗ ಪಿಸ್ಟನ್ ಮೊದಲು ಒಳ ಪ್ಯಾಡನ್ನು ಡಿಸ್ಕಿಗೆ ತಳ್ಳುತ್ತದೆ. ಆಮೇಲೆ ಪಿಸ್ಟನ್ ಕೂತಿರುವ, ಡಿಸ್ಕನ್ನು ಇಕ್ಕಳದ ಹಾಗೆ ತಬ್ಬಿರುವ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ, ಹೊರ ಪ್ಯಾಡನ್ನು ಆಚೆಯಿಂದ ಎಳೆದು ಒತ್ತುತ್ತದೆ. ಆ ಪಿನ್ನುಗಳಲ್ಲಿ ಗ್ರೀಸ್ ಒಣಗಿ ತುಕ್ಕು ಹಿಡಿದರೆ ಕ್ಯಾಲಿಪರ್ ಜಾರುವುದಿಲ್ಲ. ಕೆಲಸವೆಲ್ಲ ಒಳ ಪ್ಯಾಡಿನ ತಲೆ ಮೇಲೆ. ಕಾಲು ತೆಗೆದ ಮೇಲೂ ಅದು ಡಿಸ್ಕಿಗೆ ಅಂಟಿಕೊಂಡೇ ಇರುತ್ತದೆ. ಹೊರಗಿನಿಂದ ಇಣುಕಿದರೆ ಇದ್ಯಾವುದೂ ಕಾಣುವುದಿಲ್ಲ.

ಹಳೆ ಕಾರಿನ ಬ್ರೇಕ್ ಸದ್ದು ಮಾಡಿದ ಕೂಡಲೇ "ಪ್ಯಾಡ್ ಚೇಂಜ್ ಮಾಡ್ಬಿಡಿ" ಅನ್ನುವುದು ಸುಲಭ. ಪಿನ್ ಹಾಗೇ ಇದ್ದರೆ ಹೊಸ ಪ್ಯಾಡ್ ಕೂಡ ಅದೇ ದಾರಿ ಹಿಡಿಯುತ್ತದೆ.

ಮೊದಲು ಕಿವಿ, ಆಮೇಲೆ ಪಾನಾ

ಒಂದು ದಿನ ಸುಮ್ನೆ ಗಾಡಿ ಓಡಿಸಿ ಕೇಳಿ. ರೇಡಿಯೋ ಬೇಡ, ಗಾಜು ಇಳಿಸಿರಿ. ಕಾಂಪೌಂಡ್ ಗೋಡೆ ಇರುವ ರಸ್ತೆಯಾದರೆ ಒಳ್ಳೆಯದು, ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಯಾವ ಕಡೆಯಿಂದ ಬರುತ್ತಿದೆ ಅಂತ ಗೊತ್ತಾಗುತ್ತದೆ.

ಬೆಳಿಗ್ಗೆ ಮೊದಲ ನಾಲ್ಕೈದು ಸಲ ಬ್ರೇಕ್ ಒತ್ತಿದಾಗ ಮಾತ್ರ ಕರಕರ ಅಂದು ನಿಂತುಹೋದರೆ ತಲೆ ಕೆಡಿಸಿಕೊಳ್ಳಬೇಡಿ. ಡಿಸ್ಕ್ ಎರಕದ ಕಬ್ಬಿಣ. ರಾತ್ರಿ ಮಳೆಗೆ ತೆಳ್ಳಗೆ ತುಕ್ಕು ಕಟ್ಟುತ್ತದೆ, ಪ್ಯಾಡ್ ಅದನ್ನು ಒರೆಸಿಹಾಕುತ್ತದೆ. ಕಾರು ತೊಳೆದ ಮೇಲೂ ಹೀಗೇ.

ಮೆಲ್ಲಗೆ ಒತ್ತಿದಾಗ ಕೀಂ, ಜೋರಾಗಿ ಒತ್ತಿದರೆ ಸದ್ದಿಲ್ಲ ಅಂದರೆ ಪ್ಯಾಡ್ ನಡುಗುತ್ತಿದೆ. ಅದರ ಮುಖ ಕನ್ನಡಿಯ ಹಾಗೆ ನುಣುಪಾಗಿರಬಹುದು, ನಡುಕ ತಡೆಯಲು ಅದರ ಬೆನ್ನಿಗೆ ಇಡುವ ಶಿಮ್ ಎಂಬ ತೆಳು ತಗಡು ಬಿದ್ದುಹೋಗಿರಬಹುದು, ಕೂರುವ ಜಾಗದಲ್ಲಿ ಗ್ರೀಸ್ ಒಣಗಿರಬಹುದು.

ಬ್ರೇಕ್ ಒತ್ತದೇ ಇದ್ದಾಗಲೂ ಸಣ್ಣ ಶಿಳ್ಳೆ ಬರುತ್ತಿದ್ದರೆ ಎರಡು ಕಾರಣ ಇರಬಹುದು. ಒಂದೋ ಪ್ಯಾಡ್ ಬಿಡದೆ ಹಿಡಿದುಕೊಂಡಿದೆ, ಇಲ್ಲಾ ಪ್ಯಾಡಿನ ಸವೆತ ಸೂಚಿಸುವ ಪುಟ್ಟ ಕಬ್ಬಿಣದ ನಾಲಿಗೆ ಡಿಸ್ಕಿಗೆ ತಾಗುತ್ತಿದೆ. ಈ ನಾಲಿಗೆ ಎಲ್ಲಾ ಪ್ಯಾಡಿನಲ್ಲೂ ಇರುವುದಿಲ್ಲ, ಅಗ್ಗದವುಗಳಲ್ಲಂತೂ ಸಿಗುವುದೇ ಕಷ್ಟ. ಹಾಗಾಗಿ ಶಿಳ್ಳೆ ಬಂದಿಲ್ಲ ಅಂತ ನಿಶ್ಚಿಂತೆಯಿಂದ ಇರಬೇಡಿ.

ಗರ್ರ್ ಅಂತ ಉಜ್ಜುವ ಸದ್ದು ಬಂದು, ಪೆಡಲಿನ ಮೂಲಕ ಕಾಲಿಗೂ ತಟ್ಟುತ್ತಿದ್ದರೆ ಕಬ್ಬಿಣಕ್ಕೆ ಕಬ್ಬಿಣ ತಾಗಿದೆ ಅಂತಲೇ ತಿಳಿಯಿರಿ. ಅಲ್ಲಿಂದ ಮುಂದೆ ಓಡಿಸಬೇಡಿ.

ಇನ್ನೊಂದು ಸದ್ದಿದೆ. ಮಣ್ಣು ರಸ್ತೆಯಲ್ಲಿ ಹೋಗಿ ಬಂದ ಮೇಲೆ ಇದ್ದಕ್ಕಿದ್ದ ಹಾಗೆ ಭಯಂಕರವಾಗಿ ಕಿರುಚಲು ಶುರು, ಬ್ರೇಕ್ ಒತ್ತಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಡಿಸ್ಕಿಗೂ ಅದರ ಹಿಂದಿನ ತಗಡಿನ ಮರೆಗೂ ನಡುವೆ ಒಂದು ಜಲ್ಲಿಕಲ್ಲು ಸಿಕ್ಕಿರುತ್ತದೆ, ಅಷ್ಟೇ. ಸ್ವಲ್ಪ ರಿವರ್ಸ್ ಹೋದರೆ ಎಷ್ಟೋ ಸಲ ತಾನೇ ಬೀಳುತ್ತದೆ.

ಇನ್ನು ಬಿಸಿಯ ಪರೀಕ್ಷೆ. ಖಾಲಿ ರಸ್ತೆಯಲ್ಲಿ ಆದಷ್ಟು ಬ್ರೇಕ್ ಬಳಸದೆ ನಾಲ್ಕೈದು ಕಿ.ಮೀ. ಓಡಿಸಿ, ತಾನಾಗಿ ನಿಲ್ಲುವಂತೆ ಬಿಡಿ. ಇಳಿದು ಒಂದೊಂದು ಚಕ್ರದ ಹತ್ತಿರ ಅಂಗೈ ಹಿಡಿಯಿರಿ. ಮುಟ್ಟಬೇಡಿ. ಉಳಿದ ಮೂರು ತಣ್ಣಗಿದ್ದು ಒಂದು ಮಾತ್ರ ಝಳ ಬಿಡುತ್ತಿದ್ದರೆ ಕಳ್ಳ ಸಿಕ್ಕಿದ ಹಾಗೆ. ಆವತ್ತು ಆಗುಂಬೆಗೆ ಹೊರಡುವ ಮುಂಚೆ ನಾನು ಇಷ್ಟು ಮಾಡಿದ್ದರೆ ಸಾಕಿತ್ತು.

ಬಿಚ್ಚುವ ಕೆಲಸ

ಸಮತಟ್ಟು ನೆಲ ಬೇಕು. ಹ್ಯಾಂಡ್ ಬ್ರೇಕ್ ಹಾಕಿ, ಗೇರಿನಲ್ಲಿ ಬಿಟ್ಟು, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಚಕ್ರದ ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ ಸಡಿಲ ಮಾಡಿಕೊಂಡು ಆಮೇಲೆ ಜಾಕ್ ಏರಿಸಿ. ಕಾರಿನ ಜೊತೆ ಬಂದ ಜಾಕ್ ಪಂಕ್ಚರ್‌ಗೆ ಮಾತ್ರ. ಅದನ್ನೇ ನಂಬಿ ಗಾಡಿಯ ಪಕ್ಕ ಕೂರಬೇಡಿ, ಜಾಕ್ ಸ್ಟ್ಯಾಂಡ್ ಇಡಿ. ಬಿಚ್ಚಿದ ಚಕ್ರವನ್ನೂ ಬಾಡಿಯ ಕೆಳಗೆ ಮಲಗಿಸಿಡಿ. ಅಕಸ್ಮಾತ್ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ.

ಎರಡೂ ಕಡೆ ಒಟ್ಟಿಗೆ ಬಿಚ್ಚಬೇಡಿ. ಒಂದು ಕಡೆ ಮುಗಿಸಿ ಇನ್ನೊಂದಕ್ಕೆ ಹೋಗಿ. ಕ್ಲಿಪ್ ಯಾವ ಕಡೆ ಮುಖ ಮಾಡಿತ್ತು ಅಂತ ಮರೆತರೆ ಆ ಕಡೆ ಹೋಗಿ ನೋಡಿಕೊಳ್ಳಬಹುದು.

ಧೂಳನ್ನು ಊದಬೇಡಿ, ಗಾಳಿಯನ್ನೂ ಹೊಡೆಸಬೇಡಿ. ಹಳೆ ಪ್ಯಾಡಿಗೆ ಅಂಟಿಸಿರುವ ಸವೆಯುವ ಪದರದಲ್ಲಿ, ಅಂದರೆ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಹೋದರೆ ಕೆಟ್ಟದ್ದು. ಮಾಸ್ಕ್ ಹಾಕಿ, ಸೋಪಿನ ನೀರು ಚಿಮುಕಿಸಿ, ಹಳೆ ಬ್ರಷ್‌ನಿಂದ ಒದ್ದೆಯಲ್ಲೇ ಉಜ್ಜಿ. ನಮ್ಮ ಗ್ಯಾರೇಜುಗಳಲ್ಲಿ ಇದನ್ನು ಯಾರೂ ಮಾಡುವುದಿಲ್ಲ, ನೀವಾದರೂ ಮಾಡಿ.

ಕ್ಯಾಲಿಪರಿನ ಕೆಳಗಿನ ಬೋಲ್ಟ್ ಬಿಚ್ಚಿದರೆ ಅದು ಮೇಲಕ್ಕೆ ಬಾಗಿಲಿನ ಹಾಗೆ ತೆರೆಯುತ್ತದೆ. ಕೆಲವು ಗಾಡಿಗಳಲ್ಲಿ ಎರಡೂ ಬೋಲ್ಟ್ ಬಿಚ್ಚಬೇಕು. ಹಾಗೆ ಬಿಚ್ಚಿದರೆ ಕ್ಯಾಲಿಪರನ್ನು ಬ್ರೇಕ್ ಹೋಸ್‌ನಲ್ಲಿ ನೇತಾಡಲು ಬಿಡಬೇಡಿ, ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಈಗ ಎರಡೂ ಪ್ಯಾಡ್ ಹೊರಗೆ ತೆಗೆದು ಜೋಡಿಸಿ ನೋಡಿ. ಹಿಂದಿನ ತಗಡು ಬಿಟ್ಟು ಲೈನಿಂಗ್ ಮಾತ್ರ ಅಳೆಯಬೇಕು. 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಬದಲಿಸಿ. ಅಳತೆಪಟ್ಟಿ ಇಲ್ಲದಿದ್ದರೆ ಒಂದು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ಇಟ್ಟು ಹೋಲಿಸಿ, ಹೆಚ್ಚುಕಡಿಮೆ ಅಷ್ಟೇ ದಪ್ಪ. ಒಂದು ದಪ್ಪ ಒಂದು ತೆಳ್ಳಗಿದ್ದರೆ, ಅಥವಾ ಒಂದೇ ಪ್ಯಾಡ್ ಓರೆಯಾಗಿ ಸವೆದಿದ್ದರೆ ಪಿನ್ ಹಿಡಿದಿರುವ ಸಂಭವ ಜಾಸ್ತಿ.

ಪಿನ್ ಬಿಡಿಸುವುದು

ಇದೇ ನಿಜವಾದ ಕೆಲಸ. ಪಿನ್ನಿಗೆ ಅಕಾರ್ಡಿಯನ್ ತರಹ ಮಡಿಕೆಯ ರಬ್ಬರ್ ಬೂಟ್ ಇರುತ್ತದೆ. ಪಿನ್ ಹಿಡಿದು ಒಳಕ್ಕೆ ಹೊರಕ್ಕೆ ಆಡಿಸಿ. ಬೆರಳಿನ ಬಲಕ್ಕೇ ಜಾರಬೇಕು. ನಮ್ಮ ಕಾರಿನಲ್ಲಿ ಮೇಲಿನದು ಬೆಣ್ಣೆಯ ಹಾಗೆ ಜಾರಿತು, ಕೆಳಗಿನದು ಮಿಸುಕಲಿಲ್ಲ. ಬೂಟ್ ಸೀಳಿ ನೀರು ಇಳಿದಿತ್ತು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಟ್ಟೆವು, ಕಾಫಿ ಮುಗಿಯಿತು. ಆಮೇಲೆ ಪಾನಾ ಹಾಕಿ ಎಳೆಯಲಿಲ್ಲ, ತಿರುಗಿಸಿದೆವು. ಒಂದು ಕೂದಲೆಳೆ ಆ ಕಡೆ, ಒಂದು ಕೂದಲೆಳೆ ಈ ಕಡೆ. ಹತ್ತು ನಿಮಿಷಕ್ಕೆ ಬೆಲ್ಲದ ಪಾಕದಂಥ ಕಂದು ಅಂಟಿನ ಜೊತೆ ಹೊರಬಂತು.

ಪಿನ್ನನ್ನು ಸಣ್ಣ ಎಮರಿ ಪೇಪರಿನಿಂದ ಉಜ್ಜಿ. ತೂತಿನೊಳಗೆ ಬಟ್ಟೆ ಸುತ್ತಿದ ಕಡ್ಡಿ ಹಾಕಿ, ಬ್ರೇಕ್ ಕ್ಲೀನರ್‌ನಿಂದ ತೊಳೆಯಿರಿ. ಪಿನ್ನಿನ ಮೈಯಲ್ಲಿ ಗುಳಿ ಬಿದ್ದಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಬೂಟ್ ಸಮೇತ ಹೊಸದು ಹಾಕಿ. 800ರ ತಯಾರಿ 2014ರ ಜನವರಿಯಲ್ಲೇ ನಿಂತಿದ್ದರೂ ಇಂಥ ಚಿಲ್ಲರೆ ಸಾಮಾನು ಬೆಂಗಳೂರಿನ ಜೆ.ಸಿ. ರೋಡಿನಲ್ಲಿರಲಿ, ಊರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿರಲಿ ಈಗಲೂ ಸಿಗುತ್ತದೆ.

ಗ್ರೀಸ್ ವಿಷಯದಲ್ಲಿ ಜಿಪುಣತನ ಬೇಡ. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಇಲ್ಲಿ ನಡೆಯುವುದಿಲ್ಲ. ಅದು ರಬ್ಬರನ್ನು ಊದಿಸಿ ಪಿನ್ನನ್ನು ಮತ್ತೆ ಬಿಗಿ ಮಾಡುತ್ತದೆ. ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಕೇಳಿ ತನ್ನಿ. ಪೆಟ್ರೋಲ್, ಡೀಸೆಲ್, ಎಂಜಿನ್ ಆಯಿಲ್ ಯಾವುದೂ ಬ್ರೇಕಿನ ರಬ್ಬರ್ ಹತ್ತಿರ ಸುಳಿಯಬಾರದು. ಸದ್ದು ನಿಲ್ಲಲಿ ಅಂತ ಪ್ಯಾಡಿನ ಮುಖಕ್ಕೆ ಎರಡು ಹನಿ ಎಣ್ಣೆ ಬಿಟ್ಟವರನ್ನು ನಾನು ಕಂಡಿದ್ದೇನೆ. ಸದ್ದೇನೋ ನಿಲ್ಲುತ್ತದೆ, ಕಾರು ನಿಲ್ಲುವುದಿಲ್ಲ.

ಪ್ಯಾಡ್ ದಪ್ಪ ಇದ್ದು ಮುಖ ಮಾತ್ರ ಹೊಳೆಯುತ್ತಿದ್ದರೆ, 80 ಅಥವಾ 100 ನಂಬರಿನ ಎಮರಿ ಪೇಪರನ್ನು ನೆಲದ ಮೇಲಿಟ್ಟು ಪ್ಯಾಡನ್ನು ಅದರ ಮೇಲೆ ಉಜ್ಜಿ. ಹೊಳಪು ಹೋದರೆ ಸಾಕು. ಅಂಚುಗಳನ್ನು ಸ್ವಲ್ಪ ಓರೆ ಮಾಡಿದರೆ ಕೀಂ ಸದ್ದು ಬಹಳಷ್ಟು ಕಡಿಮೆಯಾಗುತ್ತದೆ. ಪ್ಯಾಡಿನ ಕಿವಿಗಳು ಕೂರುವ ಜಾಗದ ತುಕ್ಕನ್ನು ವೈರ್ ಬ್ರಷ್‌ನಿಂದ ತೆಗೆದು ಅಲ್ಲಿಗೂ ತೆಳ್ಳಗೆ ಗ್ರೀಸ್ ಸವರಿ. ಪ್ಯಾಡಿನ ಬೆನ್ನಿಗೆ, ಪಿಸ್ಟನ್ ತಾಗುವ ಕಡೆಯೂ ಅಷ್ಟೇ. ಮುಖಕ್ಕೆ ಮಾತ್ರ ಕೈ ಕೂಡ ತಾಗಿಸಬೇಡಿ.

ಡಿಸ್ಕಿನ ಮೇಲೆ ಉಗುರು ಎಳೆಯಿರಿ. ಗೆರೆಯಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ, ಅಥವಾ ಹೊರ ಅಂಚಿನಲ್ಲಿ ದಿಬ್ಬ ಎದ್ದಿದ್ದರೆ ಲೇತ್‌ಗೆ ಕೊಟ್ಟು ಸ್ಕಿಮ್ಮಿಂಗ್, ಅಂದರೆ ಮೇಲ್ಮೈ ತೆಳ್ಳಗೆ ಕೆರೆಸಿ ಸಮ ಮಾಡಿಸಬೇಕು. ಎಷ್ಟು ತೆಳ್ಳಗಾದರೂ ಪರವಾಗಿಲ್ಲ ಅಂತ ಅಲ್ಲ. ಕನಿಷ್ಠ ದಪ್ಪವನ್ನು ಬಹಳಷ್ಟು ಡಿಸ್ಕುಗಳ ಮೇಲೆಯೇ ಅಚ್ಚು ಹಾಕಿರುತ್ತಾರೆ. ಅದಕ್ಕಿಂತ ಕೆಳಗೆ ಹೋಗುವುದಾದರೆ ಹೊಸ ಡಿಸ್ಕೇ ಸರಿ. ನನಗೆ ಎರಡು ಡಿಸ್ಕ್, ನಾಲ್ಕು ಪ್ಯಾಡ್ ಹೊಸದೇ ಬಿತ್ತು. ಡಿಸ್ಕಾಗಲಿ ಪ್ಯಾಡಾಗಲಿ, ಬದಲಿಸುವುದಾದರೆ ಎಡ ಬಲ ಎರಡೂ ಕಡೆ ಒಟ್ಟಿಗೆ. ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಎಳೆಯುತ್ತದೆ.

ಹೊಸ ಪ್ಯಾಡ್ ದಪ್ಪ, ಹಾಗಾಗಿ ಪಿಸ್ಟನ್ನನ್ನು ಒಳಕ್ಕೆ ತಳ್ಳಬೇಕು. ಹಳೆ ಪ್ಯಾಡನ್ನು ಅಡ್ಡ ಇಟ್ಟು ಸಿ ಕ್ಲ್ಯಾಂಪ್‌ನಿಂದ ಮೆಲ್ಲಗೆ ಒತ್ತಿ. ಆಗ ಬಾನೆಟ್ಟಿನ ಕೆಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತದೆ. ಉಕ್ಕಿ ಚೆಲ್ಲಿದರೆ ಪೇಂಟ್ ಎದ್ದುಬರುತ್ತದೆ, ಮೊದಲೇ ಸಿರಿಂಜಿನಿಂದ ಸ್ವಲ್ಪ ತೆಗೆದಿಡಿ. ಪಿಸ್ಟನ್ ಒಳಕ್ಕೆ ಹೋಗದಿದ್ದರೆ, ಅಥವಾ ಅದರ ಸುತ್ತ ಒದ್ದೆ ಇದ್ದರೆ ಅಲ್ಲಿಗೇ ನಿಲ್ಲಿಸಿ. ಅದು ಮೆಕ್ಯಾನಿಕ್ ಕೆಲಸ.

ಹಿಂದಿನ ಡ್ರಮ್

800ರಂಥ ಕಾರುಗಳ ಹಿಂದಿನ ಚಕ್ರಗಳಲ್ಲಿ ಡಿಸ್ಕ್ ಬದಲು ಡ್ರಮ್ ಇರುತ್ತದೆ, ಅದರೊಳಗಿನ ಶೂ ಎಂಬ ಬಾಗಿದ ತುಂಡುಗಳು ಹೊರಕ್ಕೆ ಒತ್ತಿ ಬ್ರೇಕ್ ಹಿಡಿಯುತ್ತವೆ. ಹಿಂದೆ ಸದ್ದು ಬಂದರೆ ಅರ್ಧಕ್ಕರ್ಧ ಕಾರಣ ಕೆಮ್ಮಣ್ಣು. ಇಲ್ಲಿ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಹ್ಯಾಂಡ್ ಬ್ರೇಕ್ ಇಳಿಸಬೇಕು, ಇಲ್ಲದಿದ್ದರೆ ಡ್ರಮ್ ಬರುವುದಿಲ್ಲ. ಹಲವು ಕಾರುಗಳ ಡ್ರಮ್ಮಿನ ಮುಖದಲ್ಲಿ ಎರಡು ಥ್ರೆಡ್ ಇರುವ ತೂತುಗಳಿರುತ್ತವೆ. ಎರಡು ಬೋಲ್ಟ್ ಹಾಕಿ ಸಮನಾಗಿ ಬಿಗಿ ಮಾಡುತ್ತಾ ಹೋದರೆ ಡ್ರಮ್ ತಾನಾಗಿ ಹೊರಬರುತ್ತದೆ, ಸುತ್ತಿಗೆ ಬೇಡ. ನಡುವಿನ ಕ್ಯಾಪ್ ತೆಗೆದು ದೊಡ್ಡ ನಟ್ ಬಿಚ್ಚಬೇಕಾದ ಗಾಡಿಯಾದರೆ ಗ್ಯಾರೇಜಿನಲ್ಲೇ ಮಾಡಿಸಿ, ಅದರ ಜೊತೆ ಬೇರಿಂಗೂ ಇರುತ್ತದೆ. ಒಳಗಿನ ಮಣ್ಣು ತೊಳೆದು, ಶೂ ಒರಗುವ ತಗಡಿನ ಉಬ್ಬುಗಳಿಗೆ ಒಂದೊಂದು ಚುಕ್ಕೆ ಬ್ರೇಕ್ ಗ್ರೀಸ್ ಹಚ್ಚಿದರೆ ಕಿರಕಿರ ಹೋಗುತ್ತದೆ. ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಸೋರಿ ಶೂವಿನ ಲೈನಿಂಗ್ ನೆನೆದಿದ್ದರೆ ಒರೆಸಿ ಹಾಕಬೇಡಿ. ಸಿಲಿಂಡರ್ ರಿಪೇರಿ, ಶೂ ಹೊಸದು.

ಜೋಡಿಸಿದ ಮೇಲೆ

ಎಲ್ಲಾ ಮುಗಿಸಿ, ಜಾಕ್ ಇಳಿಸಿ, ಕೀಲಿ ತಿರುಗಿಸುವ ಮುಂಚೆ ಪೆಡಲನ್ನು ಹತ್ತಿಪ್ಪತ್ತು ಸಲ ಒತ್ತಿ. ಮೊದಲ ಸಲ ಅದು ಸೀದಾ ನೆಲಕ್ಕೆ ಹೋಗುತ್ತದೆ, ಪಿಸ್ಟನ್ ದೂರ ಇರುತ್ತದಲ್ವಾ. ಇದನ್ನು ಮರೆತು ಗೇಟಿಗೆ ಗುದ್ದಿದವರು ಇದ್ದಾರೆ. ಹತ್ತಿಪ್ಪತ್ತು ಸಲದ ಮೇಲೂ ಪೆಡಲ್ ಸ್ಪಂಜಿನ ಹಾಗೆ ಇದ್ದರೆ ಗಾಡಿ ಹೊರಗೆ ತೆಗೆಯಬೇಡಿ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಆಯಿಲಿನ ದರ್ಜೆ ಡಾಟ್ 3 ಅಂತಲೋ ಡಾಟ್ 4 ಅಂತಲೋ ಬರೆದಿರುತ್ತದೆ, ಕಡಿಮೆ ಇದ್ದರೆ ಸೀಲ್ ಒಡೆಯದ ಬಾಟಲಿಯಿಂದ ಅದನ್ನೇ ತುಂಬಿಸಿ. ತೆರೆದಿಟ್ಟ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಂಡಿರುತ್ತದೆ.

ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಬೇಕು. ಹಿಂದೆ ಮುಂದೆ ವಾಹನ ಇಲ್ಲದ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 15ಕ್ಕೆ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ಏರಿಸಿ. ಎಂಟು ಹತ್ತು ಸಲ ಹೀಗೆ ಮಾಡಿ, ನಡುವೆ ತಣ್ಣಗಾಗಲು ಸ್ವಲ್ಪ ದೂರ ಬಿಡಿ. ಕೊಂಚ ವಾಸನೆ ಬಂದರೆ ಹೆದರಬೇಡಿ. ಬಿಸಿ ಇರುವಾಗ ಬ್ರೇಕ್ ಒತ್ತಿ ಹಿಡಿದು ನಿಲ್ಲಬೇಡಿ, ಪ್ಯಾಡಿನ ಗುರುತು ಡಿಸ್ಕಿನ ಮೇಲೆ ಉಳಿದುಬಿಡುತ್ತದೆ. ಮನೆಗೆ ಬಂದು ಮತ್ತೆ ಆ ಅಂಗೈ ಪರೀಕ್ಷೆ ಮಾಡಿ, ಈ ಸಲ ಎಡ ಬಲ ಎರಡೂ ಒಂದೇ ಬಿಸಿ ಇರಬೇಕು. ಐವತ್ತು ಕಿ.ಮೀ. ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಇನ್ನೊಂದು ಸಲ ಬಿಗಿ ಮಾಡಿ.