ಬ್ಯಾಟರಿ ಹೊಸದು, ಗಾಡಿ ಮಾತ್ರ ಏಳಲಿಲ್ಲ

ಕೋಲಾರದ ಎಪಿಎಂಸಿಗೆ ಟೊಮ್ಯಾಟೊ ಕ್ರೇಟುಗಳನ್ನು ಹೇರಿ ನಿಂತಿದ್ದ ಪಿಕಪ್, ಕೀಲಿ ತಿರುಗಿಸಿದರೆ 'ಟಕ್' ಎಂದು ಸುಮ್ಮನಾಯಿತು. ಹರಾಜಿನ ಹೊತ್ತು ತಪ್ಪಿದರೆ ಹಣ್ಣಿನ ಬೆಲೆಯೂ ತಪ್ಪುತ್ತದೆ; ನನಗೆ ಕೈಕಾಲು ಆಡಲಿಲ್ಲ.

ನೋಡಿದವರೆಲ್ಲ ಬ್ಯಾಟರಿಯನ್ನೇ ದೂರಿದರು. ಹಿಂದಿನ ತಿಂಗಳಷ್ಟೇ ಹಾಕಿಸಿದ ಬ್ಯಾಟರಿ ಅದು. ಹೆಡ್‌ಲೈಟ್ ಹಾಕಿ ಮತ್ತೆ ಕೀಲಿ ತಿರುಗಿಸಿದೆ. ದೀಪ ಮಂಕಾಗಲಿಲ್ಲ. ಬ್ಯಾಟರಿ ಸೋತಿದ್ದರೆ ಅದು ಖಂಡಿತ ಮಂಕಾಗುತ್ತಿತ್ತು. ವೋಲ್ಟ್ ಅಳೆಯುವ ಮಲ್ಟಿಮೀಟರ್ 12.6 ತೋರಿಸಿತು, ಅಂದರೆ ಬ್ಯಾಟರಿ ತುಂಬಿತ್ತು.

ಆಗ ಅರ್ಥಿಂಗ್, ಅಂದರೆ ಎಂಜಿನ್ನಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಕರೆಂಟು ಮರಳುವ ದಾರಿ, ನೆನಪಾಯಿತು. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಹಿಡಿದು, ತಮ್ಮನಿಗೆ ಸ್ಟಾರ್ಟ್ ಮಾಡಲು ಹೇಳಿದೆ. ಅರ್ಧ ವೋಲ್ಟ್ ಮೀರಬಾರದ ಕಡೆ ನಾಲ್ಕು ವೋಲ್ಟ್! ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಸ್ಟಾರ್ಟರ್ ಮೋಟರಿಗೆ ಸೇರಬೇಕಾದ ಶಕ್ತಿ ದಾರಿಯಲ್ಲೇ ಸೋರಿಹೋಗುತ್ತಿತ್ತು. ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ನೆಗೆಟಿವ್‌ನಿಂದ ಎಂಜಿನ್ನಿಗೆ ನೇರವಾಗಿ ಜಂಪರ್ ತಂತಿ ಕೊಟ್ಟೆ. ಒಂದೇ ಸಲಕ್ಕೆ ಗಾಡಿ ಎದ್ದಿತು. ಮಾರುಕಟ್ಟೆಗೆ ಹಾಗೆಯೇ ಹೋದೆವು.

ಸಂಜೆ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ, ಎಂಜಿನ್ನಿಗೂ ಚಾಸಿಗೂ (ಗಾಡಿಯ ಲೋಹದ ಚೌಕಟ್ಟು) ನಡುವೆ ಅರ್ಥಿಂಗ್ ಕೊಡುವ ಹೆಣೆದ ತಾಮ್ರದ ಪಟ್ಟಿಯನ್ನು ಬಿಚ್ಚಿದೆ. ಬೋಲ್ಟಿನ ಕೆಳಗೆ ಹಸಿರು ಕಿಲುಬು. ಎಳೆಗಳು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿದ್ದವು. ಪಟ್ಟಿ ಕೂರುವ ಎರಡೂ ಜಾಗಗಳನ್ನು ಲೋಹ ಹೊಳೆಯುವವರೆಗೆ ಎಮರಿ ಕಾಗದದಿಂದ ಉಜ್ಜಿ, ಹೊಸ ಪಟ್ಟಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಈಗ ಅದೇ ಅಳತೆ 0.2 ವೋಲ್ಟ್.